ಪತನ, ವಿಮೋಚನೆ, ಹೊಸ ಭೂಮಿ: ಐದು ಸಂಜೆಗಳ ಪಾಠವನ್ನು ಹೇಗೆ ಕಟ್ಟುವುದು?

ತೀರ್ಥಹಳ್ಳಿ ಉಪದೇಶಿ

ಎಲ್ಲರಿಗೂ ವಂದನೆ. ಮಳೆ ಬಿಟ್ಟ ಕೂಡಲೆ, ಅಡಿಕೆ ಸುಗ್ಗಿಯ ಗಡಿಬಿಡಿ ಶುರುವಾಗುವ ಮೊದಲು, ತೀರ್ಥಹಳ್ಳಿ–ಕೊಪ್ಪ–ಎನ್.ಆರ್.ಪುರ ಕಡೆಯ ಯುವಜನರಿಗೆ ಐದು ಸಂಜೆಗಳ ಸತ್ಯವೇದ (ಬೈಬಲ್) ಅಧ್ಯಯನ ಇಟ್ಟುಕೊಂಡಿದ್ದೇವೆ. ವಿಷಯ ಮನುಷ್ಯನ ಪತನ, ಕ್ರಿಸ್ತನ ವಿಮೋಚನೆ, ಸೃಷ್ಟಿಯ ನವೀಕರಣ. ದಿನಕ್ಕೆ 75 ನಿಮಿಷ. ಬರುವವರಲ್ಲಿ ಕಥೋಲಿಕರು, ಪ್ರೊಟೆಸ್ಟೆಂಟರಾದ ಸಿಎಸ್‌ಐನವರು (ದಕ್ಷಿಣ ಭಾರತ ಸಭೆ), ಸಿರಿಯನ್ ಜಾಕೋಬೈಟ್ ಮನೆಗಳವರು, ಪೆಂತೆಕೊಸ್ತ್ ಸಭೆಯವರು ಎಲ್ಲ ಇದ್ದಾರೆ. ಮೂಲಪಾಪದ, ಅಂದರೆ ಆದಾಮನ ತಪ್ಪಿನಿಂದ ಮನುಷ್ಯರಿಗೆಲ್ಲ ಏನು ಬಂತು ಎಂಬ ವಿಷಯದಲ್ಲಿ ಈ ಸಭೆಗಳ ಬೋಧನೆ ಒಂದೇ ಅಲ್ಲ, ಯಾರಿಗೂ ನೋವಾಗದಂತೆ, ಆದರೆ ಯಾವುದನ್ನೂ ಮುಚ್ಚಿಡದೆ ಹೇಳಬೇಕು. ಎಲ್ಲಿಂದ ಶುರು ಮಾಡಲಿ? ಯಾವ ವಾಕ್ಯಭಾಗಗಳನ್ನು ಇಟ್ಟುಕೊಳ್ಳಲಿ? ತಿಳಿದವರು ವಿವರವಾಗಿ ಬರೆಯಿರಿ.

ಶರಾವತಿ ಕಣಿವೆ

ಮೊದಲ ಸಂಜೆಯೇ ಪತನದ ಕಥೆಯಿರುವ ಆದಿಕಾಂಡ 3ನ್ನು (ಸತ್ಯವೇದದ ಮೊದಲ ಪುಸ್ತಕದ ಮೂರನೇ ಅಧ್ಯಾಯ) ತೆರೆಯಬೇಡಿ, ಸಿಸ್ಟರ್. ಬಹುತೇಕ ಪಾಠಗಳು ಕೆಡುವುದು ಅಲ್ಲೇ. ಪಾಪದಿಂದ ಶುರುವಾದ ಕಥೆ ಪಾಪ ಕಳೆದಲ್ಲಿಗೆ ಮುಗಿದುಬಿಡುತ್ತದೆ, ಆತ್ಮ ಪರಲೋಕಕ್ಕೆ ಹೋಯಿತು ಎಂಬಲ್ಲಿ ಪುಸ್ತಕ ಮುಚ್ಚುತ್ತಾರೆ. ಆದಿಕಾಂಡದ ಮೊದಲ ಎರಡು ಅಧ್ಯಾಯಗಳೂ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳೂ ಹೊರಗೇ ಉಳಿಯುತ್ತವೆ. ಭೂಮಿ ಇರುವುದೇ ಆ ನಾಲ್ಕು ಅಧ್ಯಾಯಗಳಲ್ಲಿ.

ಮೊದಲ ಸಂಜೆ ಪೂರ್ತಿ ಆದಿಕಾಂಡ 1–2ಕ್ಕೆ ಕೊಡಿ. ಒಂದನೇ ಅಧ್ಯಾಯದಲ್ಲಿ ದೇವರು ತಾನು ಮಾಡಿದ್ದನ್ನು ಒಳ್ಳೆಯದೆಂದು ಕಂಡದ್ದು ಏಳು ಸಲ: ವಚನ 4, 10, 12, 18, 21, 25, ಕೊನೆಗೆ 31ರಲ್ಲಿ ಬಹಳ ಒಳ್ಳೆಯದೆಂದು. ಹುಡುಗರೇ ಹುಡುಕಿ ಗೆರೆ ಹಾಕಲಿ. ಆ ಏಳರಲ್ಲಿ ಆರು ಮನುಷ್ಯ ಹುಟ್ಟುವ ಮೊದಲಿನವು, ಆರನೆಯದು ಕಾಡುಮೃಗ ಮತ್ತು ದನಕರುಗಳ ಬಗ್ಗೆ. ಅಂದರೆ ಸೃಷ್ಟಿಯ ಬೆಲೆ ನಮ್ಮ ಉಪಯೋಗದಿಂದ ಬಂದದ್ದಲ್ಲ. ಆಮೇಲೆ 2:15. ತೋಟವನ್ನು ವ್ಯವಸಾಯ ಮಾಡುವುದು, ಕಾಯುವುದು ಎಂಬ ಎರಡು ಕೆಲಸಗಳು ಪತನಕ್ಕೂ ಮೊದಲೇ ಕೊಟ್ಟವು. ದುಡಿಮೆಯೇ ಶಾಪ ಎಂಬ ತಪ್ಪು ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಬಹಳ ಆಳವಾಗಿದೆ. ಅದನ್ನು ಮೊದಲ ದಿನವೇ ಸರಿಪಡಿಸಿ.

ಎರಡನೇ ಸಂಜೆ ಮೂರನೇ ಅಧ್ಯಾಯ. ನಾಲ್ಕು ಬಿರುಕುಗಳನ್ನು ತೋರಿಸಿ: ತನ್ನ ಬಗ್ಗೆಯೇ ನಾಚಿಕೆ (3:7), ದೇವರಿಂದ ಅಡಗುವುದು (3:8), ಗಂಡ ಹೆಂಡತಿಯ ಮೇಲೆ ತಪ್ಪು ಹೊರಿಸುವುದು (3:12), ನೆಲದೊಂದಿಗಿನ ಸಂಬಂಧ ಕೆಡುವುದು (3:17–19). ಇನ್ನೊಂದನ್ನು ಎಲ್ಲರೂ ತಪ್ಪಿ ಓದುತ್ತಾರೆ. ಆ ಅಧ್ಯಾಯದಲ್ಲಿ ಶಾಪಗ್ರಸ್ತ ಎಂದು ಕರೆಸಿಕೊಂಡದ್ದು ಸರ್ಪ ಮತ್ತು ಭೂಮಿ ಮಾತ್ರ. ಆದಾಮನನ್ನಾಗಲಿ ಹವ್ವಳನ್ನಾಗಲಿ ದೇವರು ಶಪಿಸಿಲ್ಲ. ಶಿಕ್ಷೆ ಇದೆ, ಸಾವಿದೆ, ಆದರೆ 3:15ರಲ್ಲಿ ಸರ್ಪದ ತಲೆ ಜಜ್ಜುವ ಸಂತಾನದ ಮಾತೂ ಇದೆ, 3:21ರಲ್ಲಿ ದೇವರೇ ಉಡಿಸಿದ ಚರ್ಮದ ಅಂಗಿಯೂ ಇದೆ. ಹೆಣ್ಣನ್ನು ಶಾಪಗ್ರಸ್ತಳೆಂದು ಬೋಧಿಸುವವರಿಗೆ ಇಲ್ಲಿ ಆಧಾರ ಸಿಗುವುದಿಲ್ಲ. ಸೇಬುಹಣ್ಣಿನ ಚಿತ್ರವನ್ನೂ ಬಿಡಿ, ವಾಕ್ಯದಲ್ಲಿ ಹಣ್ಣಿನ ಹೆಸರಿಲ್ಲ. ಸರ್ಪವನ್ನು ಸೈತಾನನೆಂದು ಗುರುತಿಸುವುದು ಪ್ರಕಟನೆ 12:9, ಆದಿಕಾಂಡವಲ್ಲ.

ತೋಟದ ಮನೆ

ಒಂದು ಪ್ರಶ್ನೆ. ಭೂಮಿಗೆ ಶಾಪ ಎಂದ ಕೂಡಲೆ ಅಡಿಕೆಯ ಕೊಳೆರೋಗ, ಎಲೆಚುಕ್ಕಿ, ಮಂಗನ ಕಾಯಿಲೆ ಎಲ್ಲವೂ ಯಾರದೋ ಪಾಪದ ಫಲ ಎಂದು ಊರಲ್ಲಿ ಹೇಳುವವರಿದ್ದಾರೆ. ತೋಟ ಕಳೆದುಕೊಂಡವರ ಮಕ್ಕಳೇ ಪಾಠಕ್ಕೆ ಬರುವುದು. ಅವರಿಗೆ ಏನು ಹೇಳಬೇಕು?

ಶರಾವತಿ ಕಣಿವೆ

ಬಹಳ ಮುಖ್ಯವಾದದ್ದನ್ನು ಕೇಳಿದಿರಿ ಅಣ್ಣ. ಎರಡು ಮಾತುಗಳನ್ನು ಬೇರೆಬೇರೆ ಇಡಬೇಕು. ಲೋಕವೇ ಪತನಕ್ಕೆ ಒಳಗಾಗಿದೆ ಎಂಬುದು ಕ್ರೈಸ್ತ ಬೋಧನೆ. ಇಂಥ ಮನೆಯ ಈ ಕಷ್ಟ ಇಂಥವರ ಪಾಪಕ್ಕೆ ಬಂತು ಎಂಬುದು ಯೇಸುಸ್ವಾಮಿಯೇ ತಳ್ಳಿಹಾಕಿದ ಮಾತು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎನ್ನುತ್ತಾರೆ (ಲೂಕ 13:4–5). ಹುಟ್ಟುಕುರುಡನ ವಿಷಯದಲ್ಲಿ ಅವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಎನ್ನುತ್ತಾರೆ (ಯೋಹಾನ 9:3). ಈ ಎರಡು ಭಾಗಗಳನ್ನು ಎರಡನೇ ಸಂಜೆಯೇ ಓದಿಸಿ, ಮುಂದೂಡಬೇಡಿ. ಆ ರಾತ್ರಿ ಮಗು ಮನೆಗೆ ತಪ್ಪು ಭಾರ ಹೊತ್ತುಕೊಂಡು ಹೋಗಬಾರದು.

ಮಂಗನ ಕಾಯಿಲೆ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದು ವೈರಸ್, ಉಣುಗು ಕಚ್ಚಿ ಹರಡುತ್ತದೆ. ಕೊಳೆರೋಗ ಮಳೆಗಾಲದ ತೇವದಲ್ಲಿ ಬೆಳೆಯುವ ಶಿಲೀಂಧ್ರದಂಥ ಜೀವಿಯಿಂದ ಬರುತ್ತದೆ. ಕಾರಣವನ್ನು ಹಾಗೆಯೇ ಹೇಳಿ. ಶಾಪವಿದ್ದರೆ ಔಷಧಿ ಹೊಡೆಯುವುದು ದೇವರ ಇಚ್ಛೆಗೆ ವಿರುದ್ಧವಲ್ಲವೇ ಎಂದು ಯಾರಾದರೂ ಕೇಳಬಹುದು. 1847ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಕೊಟ್ಟಾಗಲೂ ಇದೇ ಆಕ್ಷೇಪಕ್ಕೆ ಉತ್ತರ ಬರೆಯಬೇಕಾಯಿತು. ದೇವರೇ ಆದಾಮನಿಗೆ ಗಾಢನಿದ್ರೆ ಬರಿಸಿ ಪಕ್ಕೆಲುಬು ತೆಗೆದದ್ದನ್ನು (ಆದಿಕಾಂಡ 2:21) ಅವನು ಎತ್ತಿ ತೋರಿಸಿದ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಕಲಸಿ ಮುಂಗಾರಿಗೆ ಮೊದಲೊಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುವವನು 2:15ರ 'ಕಾಯುವ' ಕೆಲಸವನ್ನೇ ಮಾಡುತ್ತಿದ್ದಾನೆ.

ಕೋಟೆ ರಸ್ತೆ

ಮೂಲಪಾಪದ ಬಗ್ಗೆ ಕಥೋಲಿಕ ಬೋಧನೆ ಇಷ್ಟು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಪತನದ ಭಾಗ 385ರಿಂದ 421ನೇ ಪರಿಚ್ಛೇದದವರೆಗೆ ಇದೆ. ಅದರಲ್ಲಿ 404–405 ಓದಿದರೆ ಸಾಕು. ಮೂಲಪಾಪ ನಾವು ಮಾಡಿದ ಕೃತ್ಯವಲ್ಲ, ನಮಗೆ ಬಂದ ಸ್ಥಿತಿ. ಆದಾಮನಿಂದ ಬಂದ ಪ್ರತಿಯೊಬ್ಬರಲ್ಲೂ ಅದು ವೈಯಕ್ತಿಕ ಅಪರಾಧದ ಸ್ವರೂಪದಲ್ಲಿಲ್ಲ. ಆದಿಯ ಪವಿತ್ರತೆ ಇಲ್ಲವಾಗಿದೆ, ಸ್ವಭಾವ ಗಾಯಗೊಂಡಿದೆ, ಪೂರ್ತಿ ಹಾಳಾಗಿಲ್ಲ.

ಇತಿಹಾಸ ಕೇಳಿದರೆ ಮೂರು ಹೆಸರು ಸಾಕು. ಮನುಷ್ಯ ತನ್ನ ಇಚ್ಛಾಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ, ಆದಾಮ ಕೊಟ್ಟದ್ದು ಕೆಟ್ಟ ಮಾದರಿ ಮಾತ್ರ ಎಂಬ ಬೋಧನೆ ಪೆಲಾಗಿಯಸ್‌ನ ಹೆಸರಿನಲ್ಲಿ ಹರಡಿತು. ಉತ್ತರ ಆಫ್ರಿಕಾದ ಬಿಷಪ್ ಅಗಸ್ತೀನ (354–430) ವಿರೋಧಿಸಿದ, 418ರ ಕಾರ್ತೇಜ್ ಸಭೆ ಅದನ್ನು ಖಂಡಿಸಿತು. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಮೂಲಪಾಪ ಅನುಕರಣೆಯಿಂದಲ್ಲ, ವಂಶದಿಂದ ಬರುತ್ತದೆಂದು ನಿರ್ಣಯಿಸಿತು. ಜ್ಞಾನಸ್ನಾನ ಅದನ್ನು ತೊಡೆಯುತ್ತದೆ, ಆದರೆ ಪಾಪದ ಕಡೆಗಿನ ಒಲವು ಉಳಿಯುತ್ತದೆ, ಆ ಒಲವೇ ಪಾಪವಲ್ಲ ಎಂದೂ ಹೇಳಿತು. ಲೂಥರನ್ನರ ಔಗ್ಸ್‌ಬರ್ಗ್ ಅರಿಕೆಯ (1530) ಎರಡನೇ ವಿಧಿ ಆ ಒಲವೆಂಬ ಜನ್ಮರೋಗವನ್ನೇ ನಿಜವಾದ ಪಾಪ ಎನ್ನುತ್ತದೆ. ಕಥೋಲಿಕ–ಪ್ರೊಟೆಸ್ಟೆಂಟ್ ವ್ಯತ್ಯಾಸದ ತಿರುಳು ಇದೇ.

ಭದ್ರಾ ದಂಡೆ ಸುರಿಯಾನಿ

ಸಿಸ್ಟರ್, ನಮ್ಮ ಸಿರಿಯನ್ ಆರ್ಥೊಡಾಕ್ಸ್ (ಜಾಕೋಬೈಟ್) ಪರಂಪರೆಯ ಮಾತನ್ನು ಯಾರೂ ಹೇಳದೇ ಬಿಡುತ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಗಸ್ತೀನ ಬರೆದದ್ದು ಲ್ಯಾಟಿನ್‌ನಲ್ಲಿ. ಗ್ರೀಕ್, ಸುರಿಯಾನಿ ಸಭೆಗಳ ಬೋಧನೆ ಅವನ ದಾರಿಯಲ್ಲಿ ಬೆಳೆಯಲಿಲ್ಲ. ಪೂರ್ವದ ಸಭೆಗಳ ಒತ್ತು ಹೀಗೆ: ಆದಾಮನ ಅಪರಾಧದ ಹೊಣೆ ನಮ್ಮ ತಲೆಗೆ ಬರುವುದಿಲ್ಲ, ಆದಾಮನ ಸಾವು ಬರುತ್ತದೆ. ಮಗನು ತಂದೆಯ ದೋಷವನ್ನು ಹೊರುವುದಿಲ್ಲ ಎಂಬ ಯೆಹೆಜ್ಕೇಲ 18:20 ಇಲ್ಲಿ ಮುಖ್ಯ. ಸಾವಿಗೆ ಒಳಗಾದ ಸ್ವಭಾವದಲ್ಲಿ ಹುಟ್ಟಿದ ಮನುಷ್ಯ ಸಾವಿನ ಭಯದಲ್ಲಿ ಬದುಕುತ್ತಾನೆ, ಆ ಭಯ ಅವನನ್ನು ದಾಸನನ್ನಾಗಿ ಮಾಡುತ್ತದೆ (ಇಬ್ರಿಯ 2:14–15). ದುರಾಶೆ, ಹಿಂಸೆ ಹುಟ್ಟುವುದು ಅಲ್ಲಿ. ಆದ್ದರಿಂದ ವಿಮೋಚನೆ ಎಂದರೆ ಮೊದಲು ಸಾವನ್ನು ಸೋಲಿಸುವುದು.

ಸಂತ ಎಫ್ರೇಮ್ (ನಿಧನ 373) ತನ್ನ ಸುರಿಯಾನಿ ಗೀತೆಗಳಲ್ಲಿ ಈ ಇಡೀ ಬೋಧನೆಯನ್ನು ಒಂದು ವಸ್ತ್ರದ ಚಿತ್ರದಲ್ಲಿ ಹೇಳುತ್ತಾನೆ. ಆದಾಮ ಹವ್ವರು ಉಟ್ಟಿದ್ದ ಮಹಿಮೆಯ ವಸ್ತ್ರ ಪತನದಲ್ಲಿ ಕಳಚಿತು. ಕ್ರಿಸ್ತ ನಮ್ಮ ದೇಹವನ್ನು ಉಟ್ಟುಕೊಂಡು ಬಂದು ಆ ವಸ್ತ್ರವನ್ನು ಯೊರ್ದನ್ ನೀರಿನಲ್ಲಿ ಇಟ್ಟ. ದೀಕ್ಷಾಸ್ನಾನದಲ್ಲಿ (ಜ್ಞಾನಸ್ನಾನದಲ್ಲಿ) ನಾವು ಅದನ್ನು ಮತ್ತೆ ಉಡುತ್ತೇವೆ. ಯುವಜನರಿಗೆ ಬಾಯಿಪಾಠದ ವ್ಯಾಖ್ಯೆಗಿಂತ ಇದು ಬೇಗ ಹತ್ತುತ್ತದೆ. ಕಥೋಲಿಕರೂ ಪ್ರೊಟೆಸ್ಟೆಂಟರೂ ಕ್ರಿಸ್ತನನ್ನು ಧರಿಸಿಕೊಂಡಿರಿ ಎಂಬ ಗಲಾತ್ಯ 3:27ರ ಜೊತೆ ಇಟ್ಟು ಓದಬಹುದು, ಅಲ್ಲಿ ಯಾರಿಗೂ ತಕರಾರಿಲ್ಲ.

ಒಂದು ಎಚ್ಚರಿಕೆ. ಪೂರ್ವದ ಸಭೆಗಳಿಗೆ ಪಾಪದ ಗಂಭೀರತೆ ಇಲ್ಲ ಎಂದು ಹೇಳಿಬಿಡಬೇಡಿ. ನಾವೂ ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತೇವೆ, ದೀರ್ಘ ಉಪವಾಸಗಳನ್ನು ಇಡುತ್ತೇವೆ. ನಾವು ರೋಗ ಎನ್ನುತ್ತೇವೆ, ಪಶ್ಚಿಮ ಅಪರಾಧ ಎನ್ನುತ್ತದೆ. ಮದ್ದು ಇಬ್ಬರಿಗೂ ಕ್ರಿಸ್ತನೇ. ಇನ್ನೊಂದು, ನಮ್ಮ ಕಡೆಯ ಸಿರೋ ಮಲಬಾರ್ ಮನೆಗಳವರನ್ನು ನಮ್ಮ ಜೊತೆ ಸೇರಿಸಬೇಡಿ. ಅವರ ಪೂಜಾವಿಧಿ ಪೂರ್ವ ಸುರಿಯಾನಿಯದಾದರೂ ಅವರು ರೋಮಿನೊಂದಿಗೆ ಐಕ್ಯದಲ್ಲಿರುವ ಕಥೋಲಿಕರು. 2007ರಿಂದ ಭದ್ರಾವತಿಯೇ ಅವರ ಧರ್ಮಪ್ರಾಂತ್ಯ.

ಕೋಟೆ ರಸ್ತೆ

ಒಳ್ಳೆಯ ವಿವರಣೆ, ಧನ್ಯವಾದ ಬ್ರದರ್. ರೋಮಾಪುರ 5:12–21ನ್ನು ಮೂರೂ ಕಡೆಯವರು ಓದುತ್ತಾರೆ. ಪಾಠದಲ್ಲಿ ಒತ್ತನ್ನು 12ನೇ ವಚನದಲ್ಲಿ ನಿಲ್ಲಿಸದೆ 15, 17ಕ್ಕೆ ಒಯ್ಯಿರಿ. ಆದಾಮನಿಂದ ಬಂದದ್ದಕ್ಕಿಂತ ಕ್ರಿಸ್ತನಿಂದ ಬಂದದ್ದು ಎಷ್ಟೋ ಹೆಚ್ಚು ಎಂಬುದೇ ಪೌಲನ ವಾದ.

ಸಾಗರ ರಸ್ತೆ ಓದುಗ

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರು ಖಂಡಿತ ಕೇಳುತ್ತಾರೆ: ಮನುಷ್ಯ ಬರುವ ಮೊದಲೇ ಪ್ರಾಣಿಗಳು ಸಾಯುತ್ತಿದ್ದವಲ್ಲ, ಹಾಗಾದರೆ ಪಾಪದಿಂದ ಸಾವು ಬಂತು ಎನ್ನುವುದು ಹೇಗೆ?

ಶರಾವತಿ ಕಣಿವೆ

ಇಲ್ಲಿ ಕ್ರೈಸ್ತರಲ್ಲೇ ಎರಡು ಓದುಗಳಿವೆ, ಎರಡನ್ನೂ ಹೇಳಿ. ಆದಿಕಾಂಡ 1:30ರಲ್ಲಿ ಪ್ರಾಣಿಗಳಿಗೆ ಹಸಿರು ಸೊಪ್ಪೇ ಆಹಾರ, ಹಾಗಾಗಿ ಮೊದಲು ಯಾವ ಸಾವೂ ಇರಲಿಲ್ಲ ಎನ್ನುವವರಿದ್ದಾರೆ. ರೋಮಾಪುರ 5:12 ಮನುಷ್ಯನ ಸಾವಿನ ಬಗ್ಗೆ ಮಾತ್ರ ಎನ್ನುವವರೂ ಇದ್ದಾರೆ. ಈ ಎರಡನೆಯದು ಡಾರ್ವಿನ್‌ಗೆ ಹೆದರಿ ಹುಟ್ಟಿದ್ದಲ್ಲ. 13ನೇ ಶತಮಾನದಲ್ಲೇ ಕಥೋಲಿಕ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ, ಈಗ ಮಾಂಸ ತಿನ್ನುವ ಪ್ರಾಣಿ ಆಗ ಹುಲ್ಲು ತಿನ್ನುತ್ತಿತ್ತು ಎನ್ನಲಾಗದು ಎಂದು ಬರೆದ. ಕೀರ್ತನೆ 104:21ರಲ್ಲಿ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸುವುದು ದೇವರಿಂದ ಆಹಾರ ಬೇಡುವುದೆಂದೇ ಸ್ತುತಿಯಲ್ಲಿ ಬರುತ್ತದೆ. ಕಥೋಲಿಕರಿಗೆ 1950ರ ಪೋಪ್ 12ನೇ ಪಿಯೂಸ್‌ರ ವಿಶ್ವಪತ್ರ ಮಾನವದೇಹದ ವಿಕಾಸದ ಬಗ್ಗೆ ವಿಚಾರಣೆಗೆ ಅವಕಾಶ ಕೊಟ್ಟಿದೆ. ಆತ್ಮ ನೇರವಾಗಿ ದೇವರ ಸೃಷ್ಟಿ ಎಂಬುದನ್ನು ಬಿಟ್ಟುಕೊಟ್ಟಿಲ್ಲ. ನನಗೆ ಎರಡನೇ ಓದೇ ಗಟ್ಟಿ ಎನಿಸುತ್ತದೆ. ಆದರೆ ಶಿಬಿರದಲ್ಲಿ ತೀರ್ಪು ಕೊಡಬೇಡಿ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಹೋದರೆ ಸಂಜೆ ಕೈತಪ್ಪುತ್ತದೆ.

ಸುಗ್ಗಿ ಹಬ್ಬ

ಮೂರನೇ ಸಂಜೆಗೆ ನೇರವಾಗಿ ಶಿಲುಬೆಗೆ ಹೋಗದೆ ಯಾಜಕಕಾಂಡ 25ನ್ನು ಇಡಿ. ಮಲೆನಾಡಿನವರಿಗೆ ಇದಕ್ಕಿಂತ ಸುಲಭದ ಬಾಗಿಲಿಲ್ಲ, ಜಮೀನು ಅಡವಿಟ್ಟು ಬಿಡಿಸಿಕೊಳ್ಳುವುದು ಏನೆಂದು ಎಲ್ಲ ಮನೆಗೂ ಗೊತ್ತು. ಅಲ್ಲಿನ ಲೆಕ್ಕ ಹೀಗೆ. ಭೂಮಿ ದೇವರದು, ಶಾಶ್ವತವಾಗಿ ಮಾರುವಂತಿಲ್ಲ (25:23). ಬಡತನದಿಂದ ಮಾರಿದರೆ ಹತ್ತಿರದ ಬಂಧು ಬಂದು ಬಿಡಿಸಬೇಕು (25:25). ಬೆಲೆ ಕಟ್ಟುವುದು ನೆಲಕ್ಕಲ್ಲ, ಐವತ್ತನೇ ವರ್ಷದ ಜೂಬಿಲಿಯವರೆಗೆ (ಬಿಡುಗಡೆಯ ವರ್ಷದವರೆಗೆ) ಉಳಿದ ಬೆಳೆಗಳ ಲೆಕ್ಕಕ್ಕೆ (25:15–16). ಕೋಟೆಯೊಳಗಿನ ಪಟ್ಟಣದ ಮನೆಯನ್ನು ಒಂದು ವರ್ಷದೊಳಗೆ ಬಿಡಿಸದಿದ್ದರೆ ಹೋಯಿತು, ಗೋಡೆಯಿಲ್ಲದ ಹಳ್ಳಿಯ ಮನೆ ಮಾತ್ರ ಜೂಬಿಲಿಯಲ್ಲಿ ಹಿಂದಿರುಗುತ್ತದೆ (25:29–31). ಮನುಷ್ಯರೂ ಹಾಗೆಯೇ, ಸಾಲಕ್ಕೆ ತನ್ನನ್ನೇ ಮಾರಿಕೊಂಡವನನ್ನು ಅಣ್ಣತಮ್ಮಂದಿರು ಬಿಡಿಸಬಹುದು (25:47–49). ಏಳನೇ ವರ್ಷ ಭೂಮಿಗೂ ವಿಶ್ರಾಂತಿ. ಜನರ ಬಿಡುಗಡೆ, ನೆಲದ ಬಿಡುಗಡೆ ಎರಡೂ ಒಂದೇ ಕಾನೂನಿನಲ್ಲಿ ಇದ್ದವು ಎಂಬುದನ್ನು ಹುಡುಗರು ಕಾಣಬೇಕು. ಆಮೇಲೆ ಸೆರೆಯವರಿಗೆ ಬಿಡುಗಡೆ ಸಾರಲು ಬಂದೆನೆಂದು ಯೇಸು ಹೇಳುವ ಲೂಕ 4:18–19 ಓದಿಸಿ. ಬಿಡಿಸಲು ಬಂದವನು ಬಂಧುವೇ ಆಗಿರಬೇಕಿತ್ತು ಎಂದ ಮೇಲೆ ದೇವರು ಮನುಷ್ಯನಾದದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಾಲ್ಕನೇ ಸಂಜೆ ಶಿಲುಬೆ ಮತ್ತು ಪುನರುತ್ಥಾನ. ಶಿಲುಬೆಗೆ ಒಂದೇ ವಿವರಣೆ ಹಿಡಿದು ಕೂರಬೇಡಿ. ಬಿಡುಗಡೆಯ ಬೆಲೆ (ಮಾರ್ಕ 10:45), ದುಷ್ಟಶಕ್ತಿಗಳ ಮೇಲೆ ಜಯ (ಕೊಲೊಸ್ಸೆ 2:15), ನಮ್ಮ ಬದಲಿಗೆ ಶಾಪ ಹೊತ್ತದ್ದು (ಗಲಾತ್ಯ 3:13), ಸಮಾಧಾನ (2 ಕೊರಿಂಥ 5:19) ಎಲ್ಲವೂ ಸತ್ಯವೇದದ ಮಾತುಗಳೇ. ಎರಡನೇ ಶತಮಾನದ ಬಿಷಪ್ ಐರೇನಿಯಸ್‌ಗೆ ಆದಾಮ ಕೆಡಿಸಿದ ಬಾಳನ್ನು ಕ್ರಿಸ್ತ ಮೊದಲಿಂದ ಮತ್ತೆ ಬಾಳಿ ಸರಿಪಡಿಸಿದ್ದು ಮುಖ್ಯ. ಹನ್ನೊಂದನೇ ಶತಮಾನದ ಕೊನೆಗೆ ದೈವಶಾಸ್ತ್ರಜ್ಞ ಆನ್ಸೆಲ್ಮ್‌ಗೆ ದೇವರ ಮಾನಕ್ಕೆ ಸಲ್ಲಬೇಕಾದ ಪರಿಹಾರ ಮುಖ್ಯ. ಒಂದನ್ನೇ ಹೇಳಿದರೆ ಶಿಲುಬೆಯಲ್ಲಿ ಭೂಮಿಗೆ ಜಾಗವೇ ಇಲ್ಲದಂತಾಗುತ್ತದೆ. ಕೊಲೊಸ್ಸೆ 1:20 ಆ ರಕ್ತದಿಂದ ಸಮಾಧಾನವಾದದ್ದು ಭೂಪರಲೋಕಗಳಲ್ಲಿರುವ ಸಮಸ್ತವೂ ಎನ್ನುತ್ತದೆ.

ಪುನರುತ್ಥಾನವನ್ನು ಪ್ರಥಮಫಲ ಎಂಬ ಮಾತಿನಿಂದ ಹಿಡಿಯಿರಿ (1 ಕೊರಿಂಥ 15:20). ಯಾಜಕಕಾಂಡ 23:10ರಲ್ಲಿ ಸುಗ್ಗಿಯ ಮೊದಲ ಸಿವುಡನ್ನು ತರುವ ವಿಧಿ ಇದೆ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊಸ ತೆನೆ ತರುವ ಕೊಂಕಣಿ ಕಥೋಲಿಕರ ಮನೆಯ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಮೊದಲ ತೆನೆ ಬಂತೆಂದರೆ ಗದ್ದೆಯಲ್ಲಿ ಅದೇ ಬೆಳೆ ನಿಂತಿದೆ ಎಂದರ್ಥ.

ಹೊಸನಗರ ಬೆಥೆಲ್

ಪ್ರಿಯರೇ, ಗೌರವದಿಂದಲೇ ಕೇಳುತ್ತೇನೆ. 2 ಪೇತ್ರ 3:10–12ರಲ್ಲಿ ಪಂಚಭೂತಗಳು ಉರಿದು ಲಯವಾಗುತ್ತವೆ ಎಂದು ಸ್ಪಷ್ಟವಾಗಿದೆ. ಪ್ರಕಟನೆ 21:1ರಲ್ಲಿ ಮೊದಲಿನ ಭೂಮಿ ಇಲ್ಲದೆ ಹೋಯಿತು. ಸುಟ್ಟುಹೋಗುವ ಮನೆಗೆ ಸುಣ್ಣ ಹೊಡೆಯುವುದೇಕೆ? ಆತ್ಮಗಳ ರಕ್ಷಣೆಯೇ ಮುಖ್ಯವಲ್ಲವೇ?

ಶರಾವತಿ ಕಣಿವೆ

ಬ್ರದರ್, ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. 17ನೇ ಶತಮಾನದ ಲೂಥರನ್ ದೈವಶಾಸ್ತ್ರಜ್ಞರಲ್ಲಿ ಹಲವರು ಲೋಕ ಪೂರ್ತಿ ಇಲ್ಲವಾಗುತ್ತದೆಂದೇ ಬೋಧಿಸಿದರು. ಅದೇ ಕಾಲದ ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆಯ) ಸಭೆಯವರು ನವೀಕರಣ ಎಂದರು.

ಪೇತ್ರನ ಅಧ್ಯಾಯವನ್ನು 5ನೇ ವಚನದಿಂದ ಓದೋಣ. 6ರಲ್ಲಿ ಆಗಿನ ಲೋಕ ಜಲಪ್ರಳಯದಲ್ಲಿ ನಾಶವಾಯಿತು ಎನ್ನುತ್ತಾನೆ. ನಾಶವಾಯಿತು ನಿಜ, ಆದರೆ ನೋಹ ಹಡಗಿನಿಂದ ಇಳಿದದ್ದು ಇದೇ ನೆಲದ ಮೇಲೆ. ನೀರು ಮಾಡಿದ್ದನ್ನೇ ಬೆಂಕಿಯೂ ಮಾಡುತ್ತದೆ ಎಂಬುದು ಅವನ ಹೋಲಿಕೆ: ಶುದ್ಧೀಕರಣ, ತೀರ್ಪು. 13ನೇ ವಚನದಲ್ಲಿ ನೀತಿ ವಾಸಿಸುವ ನೂತನ ಭೂಮಿಯನ್ನು ಎದುರುನೋಡುತ್ತಾನೆ. ಇದರ ಪಕ್ಕದಲ್ಲಿ ರೋಮಾಪುರ 8:19–22 ಇಡಿ. ಸೃಷ್ಟಿ ನರಳುವುದು ಸಾಯುವವನ ನರಳಾಟವಲ್ಲ, ಪ್ರಸವವೇದನೆ. ಅದಕ್ಕಿರುವ ನಿರೀಕ್ಷೆ ನಾಶದ ದಾಸತ್ವದಿಂದ ಬಿಡುಗಡೆ. ಇಲ್ಲವಾಗುವುದಕ್ಕೆ ಬಿಡುಗಡೆ ಎನ್ನುವುದಿಲ್ಲ. ನಮ್ಮ ದೇಹದ ವಿಷಯದಲ್ಲೂ ಇದೇ ನಂಬಿಕೆ: ಯೇಸುವಿನ ಸಮಾಧಿ ಬರಿದಾಗಿತ್ತು, ಗಾಯದ ಗುರುತು ಎದ್ದ ದೇಹದಲ್ಲೂ ಇತ್ತು (ಯೋಹಾನ 20:27).

ಪ್ರಕಟನೆ 21:2ರ ದಿಕ್ಕನ್ನು ಹುಡುಗರಿಗೆ ಕೇಳಿ: ಪಟ್ಟಣ ಮೇಲಕ್ಕೆ ಹೋಗುತ್ತದೋ, ಕೆಳಗೆ ಬರುತ್ತದೋ? ಕೆಳಗೆ. 21:5ರಲ್ಲಿ ದೇವರು ಎಲ್ಲವನ್ನೂ ಹೊಸದು ಮಾಡುತ್ತೇನೆ ಎನ್ನುತ್ತಾನೆ, ಹೊಸದಾದ ಬೇರೆ ಎಲ್ಲವನ್ನು ಮಾಡುತ್ತೇನೆ ಎನ್ನುವುದಿಲ್ಲ. 22:2ರಲ್ಲಿ ಜೀವವೃಕ್ಷ ಮರಳುತ್ತದೆ, 22:3ರಲ್ಲಿ ಶಾಪ ಹೋಗುತ್ತದೆ. ಆದಿಕಾಂಡ 3:17, 3:24 ಎರಡಕ್ಕೂ ಉತ್ತರ ಅಲ್ಲಿದೆ. 'ಸಮುದ್ರವೂ ಇಲ್ಲ' ಎಂಬ 21:1 ಮಕ್ಕಳನ್ನು ಗೊಂದಲಕ್ಕೆ ತಳ್ಳುತ್ತದೆ. ಅದೇ ಪುಸ್ತಕದ 13:1ರಲ್ಲಿ ಮೃಗ ಏರಿಬರುವುದು ಸಮುದ್ರದಿಂದ, ಇಲ್ಲಿ ಹೋದದ್ದು ಆ ಭಯ ಎಂದು ತಿಳಿಸಿ.

ಯೆಶಾಯ 65ನ್ನೂ ಇಡುವುದಾದರೆ 20ನೇ ವಚನಕ್ಕೆ ಸಿದ್ಧರಾಗಿರಿ. ಅಲ್ಲಿ ನೂರು ವರ್ಷಕ್ಕೆ ಸಾಯುವ ಮಾತಿದೆ, ಪ್ರಕಟನೆ 21:4ರಲ್ಲಿ ಸಾವೇ ಇಲ್ಲ. ನಿಮ್ಮ ಸಭೆಯವರು ಅದನ್ನು ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಗೆ ಸೇರಿಸುತ್ತೀರಿ, ಉಳಿದವರು ಪ್ರವಾದಿಯ ಕಾವ್ಯ ಎನ್ನುತ್ತಾರೆ.

ಹೊಸನಗರ ಬೆಥೆಲ್

ಪ್ರಳಯದ ಹೋಲಿಕೆ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ನವೀಕರಣ ದೇವರ ಕೆಲಸ, ಗಿಡ ನೆಟ್ಟು ನಾವೇ ಹೊಸ ಭೂಮಿ ತರುತ್ತೇವೆ ಎಂದು ಹುಡುಗರು ತಿಳಿಯಬಾರದು.

ಭದ್ರಾ ದಂಡೆ ಸುರಿಯಾನಿ

ಸರಿಯಾದ ಮಾತು. ನಾವು ತರುವುದಲ್ಲ, ಬರುವುದಕ್ಕೆ ತಕ್ಕಂತೆ ಬದುಕುವುದು. 1 ಕೊರಿಂಥ 15ರ ಪುನರುತ್ಥಾನದ ಇಡೀ ಅಧ್ಯಾಯವನ್ನು ಪೌಲ ಮುಗಿಸುವುದು ನಿಮ್ಮ ಪ್ರಯಾಸ ನಿಷ್ಫಲವಾಗುವುದಿಲ್ಲ ಎಂದು (15:58). ಪ್ರಾಣಿಗಳ ಬಗ್ಗೆ ಕೇಳಿದರೆ ಭಿನ್ನ ಅಭಿಪ್ರಾಯಗಳಿವೆ: ಅಕ್ವಿನಾಸ್ ನವೀಕೃತ ಲೋಕದಲ್ಲಿ ಪ್ರಾಣಿಸಸ್ಯಗಳು ಉಳಿಯುವುದಿಲ್ಲ ಎಂದ, ಮೆಥೊಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1781ರ ಉಪದೇಶದಲ್ಲಿ ಅವುಗಳಿಗೂ ಬಿಡುಗಡೆ ಇದೆ ಎಂದ. ನೋಹನ ಒಡಂಬಡಿಕೆ ಎಲ್ಲ ಜೀವಿಗಳೊಂದಿಗೆ ಆದದ್ದು (ಆದಿಕಾಂಡ 9:10), ಹಾಗಾಗಿ ವೆಸ್ಲಿಯ ಮಾತೇ ವಾಕ್ಯಕ್ಕೆ ಹತ್ತಿರ.

ತೀರ್ಥಹಳ್ಳಿ ಉಪದೇಶಿ

ಎಲ್ಲರಿಗೂ ಹೃದಯದಿಂದ ಧನ್ಯವಾದ. ಹೀಗೆ ಜೋಡಿಸಿದ್ದೇನೆ: ಆದಿಕಾಂಡ 1–2, ಆದಿಕಾಂಡ 3 ಜೊತೆಗೆ ಲೂಕ 13, ಯಾಜಕಕಾಂಡ 25, ಕೊಲೊಸ್ಸೆ 1 ಮತ್ತು 1 ಕೊರಿಂಥ 15, ರೋಮಾಪುರ 8 ಮತ್ತು ಪ್ರಕಟನೆ 21–22. ಪ್ರತಿ ಸಂಜೆ 15 ನಿಮಿಷ ಓದು, 20 ನಿಮಿಷ ವಿವರಣೆ, ಆರಾರು ಮಂದಿಯ ಗುಂಪಿನಲ್ಲಿ 30 ನಿಮಿಷ ಚರ್ಚೆ, 10 ನಿಮಿಷ ಪ್ರಾರ್ಥನೆ. ಗುಂಪುಗಳಲ್ಲಿ ಸಭೆಗಳನ್ನು ಬೆರೆಸುತ್ತೇನೆ. ಮೂಲಪಾಪದ ಮೂರು ಬೋಧನೆಗಳನ್ನು ಆಯಾ ಸಭೆಯವರೇ ಐದೈದು ನಿಮಿಷ ಹೇಳಲಿ. ಕೊನೆಯ ದಿನ ಬೆಳಿಗ್ಗೆ ಸಮಾಧಿಭೂಮಿಯ ಲಂಟಾನ ತೆಗೆಯಬೇಕೆಂದಿದ್ದೇವೆ, ನವೆಂಬರ್ 2ರ ಮೃತರ ಸ್ಮರಣೆಗೂ ಅನುಕೂಲ. ಅದಕ್ಕೇನಾದರೂ ಸಲಹೆ?

ತೋಟದ ಮನೆ

ಮೇಲಿಂದ ಸವರಬೇಡಿ ಅಕ್ಕ, ನಾಲ್ಕು ಪಟ್ಟು ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ನೆಲಮಟ್ಟದಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನೇ ಕಡಿದು, ಗಿಡವನ್ನು ಬುಡ ಮೇಲಾಗಿ ಒಣಗಲು ಇಡಿ. ಹಣ್ಣಾಗುವ ಮೊದಲೇ ತೆಗೆಯಬೇಕು, ಹಕ್ಕಿಗಳು ಬೀಜ ಹರಡುತ್ತವೆ. ಬರಿದಾದ ಜಾಗದಲ್ಲಿ ಹೊನ್ನೆ, ನೇರಳೆ, ಹಲಸು ಹಾಕಿ, ಇಲ್ಲವಾದರೆ ಮುಂದಿನ ಮಳೆಗೆ ಲಂಟಾನವೇ ಬರುತ್ತದೆ. ಗೋರಿಗಳ ಹತ್ತಿರ ಹಲಸು ಬೇಡ, ಬೇರು ಕಲ್ಲು ಎಬ್ಬಿಸುತ್ತದೆ. ಕಾಡಂಚಿನ ಜಾಗವಾದರೆ ಉಣುಗಿನ ಎಚ್ಚರ ಇರಲಿ: ಮೈಕೈ ಮುಚ್ಚುವ ಬಟ್ಟೆ ಹಾಕಿಸಿ, ಆರೋಗ್ಯ ಕೇಂದ್ರದಿಂದ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ತಂದು ಕೈಕಾಲಿಗೆ ಹಚ್ಚಿಸಿ, ಮನೆಗೆ ಹೋದ ಕೂಡಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಲು ಹೇಳಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ದಿನದ ಕೆಲಸ ಮುಂದಕ್ಕೆ ಹಾಕಿ.